ಉಷ್ಣದ ಮಾತ್ರೆ

ಈ ಬೇಸಿನ್ನಿನ ಸದ್ದು ಸರಿಯಿಲ್ಲ, ನಲ್ಲಿಯ ಹನಿ ಬಿದ್ದರೆ ಟಿಣ್ ಅನ್ನಬೇಕಾದ್ದು ದೊಬ್ ಅನ್ನುತ್ತಿದೆ, ಎಲ್ಲೋ ಕೂದಲೆಳೆಯಷ್ಟು ಬಿರುಕು ಬಿಟ್ಟಿರಬೇಕು, ಇಷ್ಟು ವರ್ಷ ಇದರಲ್ಲೇ ಮುಖ ತೊಳೆದಿದ್ದೇನೆ, ಒಂದು ದಿನವೂ ಕೇಳಿಸಿರಲಿಲ್ಲ, ದಿನವಿಡೀ ಕಾರ್ಖಾನೆಯಲ್ಲಿ ಪಿಂಗಾಣಿ ತಟ್ಟೆ ಬಡಿದು ಒಡಕು ಹುಡುಕುವವಳು ಮನೆಗೆ ಬಂದಮೇಲೆ ಕಿವಿಗೆ ರಜೆ ಕೊಟ್ಟುಬಿಡುತ್ತೇನೆ ಅಂತ ಕಾಣುತ್ತದೆ — ಸರಿ, ಬೇಸಿನ್ ಆಮೇಲೆ, ಮೊದಲು ಇದು, ಮುಚ್ಚಿದ ಕಮೋಡಿನ ಮೇಲೆ ಟವೆಲ್ ಹಾಸಿ ಒಂದೊಂದಾಗಿ ಇಟ್ಟಿದ್ದೇನೆ, ಬಿಳಿ ಪ್ಲಾಸ್ಟಿಕ್ಕಿನ ಎರಡು ಪಟ್ಟಿ, ಬೆರಳು ಚುಚ್ಚುವ ಸೂಜಿ, ಉದ್ದನೆಯ ಹತ್ತಿಕಡ್ಡಿ, ಕಣ್ಣಿಗೆ ಬಿಡುವ ಔಷಧಿಯಂಥ ಪುಟ್ಟ ಸೀಸೆ, ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳುವ ಸೂಚನೆಯ ಮಡಿಚಿದ ಕಾಗದ, ಎಲ್ಲವನ್ನೂ ಪ್ಯಾಕಿಂಗಿನ ಅಕ್ಕ ತನ್ನ ಮನೆ ವಿಳಾಸಕ್ಕೆ ತರಿಸಿ, ಟೀ ಸೆಟ್ಟು ಸುತ್ತುವ ಹಾಗೆ ಹುಲ್ಲು ಕಾಗದ ಸುತ್ತಿ ಕೊಟ್ಟಳು, ಬಿದ್ರೂ ಒಡೆಯಲ್ಲ ಕಣೇ, ಒಡೆಯೋದೆಲ್ಲ ತೆರೆದ ಮೇಲೆ ಅಕ್ಕಾ, ಅಂದೆ, ಇಬ್ಬರೂ ನಕ್ಕೆವು, ನಗು ಬಂದದ್ದು ನಿಜ, ಅಳು ಬರಬೇಕಾದ ಕಡೆ ನಗು ಬರುವುದು ನನ್ನ ಹುಟ್ಟುಗುಣ. ಹೊರಗೆ ಅತ್ತೆ ಬಟಾಣಿ ಬಿಡಿಸುತ್ತಾ ಕೂತಿದ್ದಾರೆ, ಕಾಳು ಪಾತ್ರೆಗೆ ಬೀಳುವುದು ಇಲ್ಲಿಗೆ ಕೇಳುತ್ತದೆ, ಇವರು ಕಟಿಂಗ್ ಮಾಡಿಸಲು ಹೋಗಿದ್ದಾರೆ, ರಜೆಯ ದಿನ ಅಲ್ಲಿ ಜನ ಜಾಸ್ತಿ, ಬರುವುದು ತಡ, ಗಂಡ ಬರುವುದರೊಳಗೆ ಮುಗಿಸಬೇಕಾದ ಕೆಲಸ ಅಂದರೆ ಬೇರೆ ಹೆಂಗಸರಿಗೆ ಅಡುಗೆ, ನನಗೆ ಇದು. ಸೂಜಿ ಬೆರಳಿಗೆ ಒತ್ತಿದರೆ ಟಕ್ ಅಂದಿತು, ರಕ್ತವಿಲ್ಲ, ತಟ್ಟೆಯ ಅಂಚು ಸವರಿ ಸವರಿ ಬೆರಳ ತುದಿ ದಡ್ಡುಗಟ್ಟಿದೆ, ನನ್ನ ಬೆರಳೇ ನನ್ನನ್ನು ಒಳಗೆ ಬರಲು ಬಿಡುತ್ತಿಲ್ಲ, ಕಿರುಬೆರಳು ನೋಡೋಣ, ಅದು ದುಡಿಯದ ಬೆರಳು, ಮೆತ್ತಗಿದೆ, ಹ್ಞಾ, ಬಂತು, ದಾಳಿಂಬೆ ಕಾಳಿನಷ್ಟು. ಒಂದು ಹನಿ ಪಟ್ಟಿಯ ಕುಳಿಗೆ, ಮೇಲೊಂದು ಹನಿ ಸೀಸೆಯ ನೀರು. ಇದು ಹಾಸಿಗೆಯಲ್ಲಿ ಅಂಟುವ ದೊಡ್ಡ ಹೆಸರಿನ ರೋಗಗಳದ್ದು, ಆಸ್ಪತ್ರೆಯ ಗೋಡೆಯ ಮೇಲೆ ಚಿತ್ರ ಬರೆಸಿರುತ್ತಾರಲ್ಲ, ಅವು. ಹತ್ತಿಕಡ್ಡಿಯದು ಚಿಕ್ಕ ಹೆಸರಿನದು, ಯಾರೂ ಗೋಡೆಯ ಮೇಲೆ ಬರೆಸದ್ದು, ನನಗೆ ಬೇಕಾದ್ದು ಅದೇ.

ಚಿಕ್ಕ ಹೆಸರಿನದಕ್ಕೆ ನಮ್ಮ ಮನೆಯಲ್ಲಿ ಇನ್ನೂ ಚಿಕ್ಕ ಹೆಸರಿತ್ತು, ಉಷ್ಣ. ಮದುವೆಯಾದ ಹೊಸತು, ಇವರು ಲಿಫ್ಟ್ ಕೂರಿಸುವ ಕೆಲಸಕ್ಕೆ ಊರೂರು ತಿರುಗುತ್ತಿದ್ದರು, ಮೇಲಿಂದ ಕೆಳಗಿನವರೆಗೆ ಖಾಲಿ ಕೊಳವೆಯಂಥ ಕಟ್ಟಡದಲ್ಲಿ ಹಗ್ಗ ಕಟ್ಟಿಕೊಂಡು ನೇತಾಡುವ ಕೆಲಸ, ವಾರಗಟ್ಟಲೆ ಹೊರಗೆ, ಒಂದು ಸಲ ಬಂದವರು ಬಚ್ಚಲಿಗೆ ಹೋಗಿ ಉಸ್ ಅಂದದ್ದು ನನಗೆ ಕೇಳಿಸಿತು, ಏನ್ರೀ ಅಂದೆ, ಏನಿಲ್ಲ, ಉಷ್ಣ ಆಗಿದೆ, ಉರಿ, ಬಿಸಿಲಲ್ಲಿ ಕೆಲಸ ನೋಡು. ಲಿಫ್ಟಿನ ಗುಂಡಿಯೊಳಗೆ ಬಿಸಿಲೆಲ್ಲಿ ಬಂತು ಅಂತ ಈಗ ಕೇಳಬಲ್ಲೆ, ಆಗ ಕೇಳಲಿಲ್ಲ, ಆಗ ಬಾರ್ಲಿ ಬೇಯಿಸಿದೆ, ಬೇಯಿಸಿದ ನೀರನ್ನು ಆರಿಸಿ, ನಿಂಬೆ ಹಿಂಡಿ, ಲೋಟ ಲೋಟ ಕೊಟ್ಟೆ, ಅತ್ತೆ ಸೌತೆಕಾಯಿ ಹೆಚ್ಚಿದರು, ಇಡೀ ಮನೆ ಇವರ ಉಷ್ಣ ಇಳಿಸಲು ಟೊಂಕ ಕಟ್ಟಿ ನಿಂತಿತು, ಉಷ್ಣ ಅನ್ನುವುದು ಎಂಥ ಅನುಕೂಲದ ಮಾತು, ಬಾಯಿಹುಣ್ಣು ಉಷ್ಣ, ಕಣ್ಣು ಕೆಂಪಾದರೆ ಉಷ್ಣ, ಕೂದಲು ಉದುರಿದರೆ ಉಷ್ಣ, ಅದರ ಬಾಗಿಲು ತಟ್ಟಿದ ರೋಗಕ್ಕೆಲ್ಲ ಒಳಗೆ ಜಾಗ ಉಂಟು, ಯಾರೂ ಯಾರ ಮನೆಯವನು ಅಂತ ಕೇಳುವುದಿಲ್ಲ. ಆಮೇಲೆ ಮಾತ್ರೆ ಬಂತು. ಮಾತ್ರೆ ಅಂದರೆ ಬೆಳ್ಳಿ ಹಾಳೆಯ ಪಟ್ಟಿಯಲ್ಲಿ, ಹಿಂದೆ ಹೆಸರು ಬರೆದುಕೊಂಡು ಬರುತ್ತದಲ್ಲ, ಇದು ಹಾಗಲ್ಲ, ಹಾಳೆಯಿಂದ ಬಿಡಿಸಿಕೊಂಡೇ ತಂದಿದ್ದರು, ಬತ್ತಲೆ ಮಾತ್ರೆ, ಇವರ ಅಂಗೈಯಲ್ಲಿ, ಇನ್ನೊಂದು ಕೈಯಲ್ಲಿ ನೀರಿನ ಲೋಟ, ತಗೋ, ಉಷ್ಣಕ್ಕೆ, ನಿಮಗೆ ಉಷ್ಣ ಆದ್ರೆ ನಂಗ್ಯಾಕ್ರೀ ಮಾತ್ರೆ, ಇಬ್ರೂ ತಗೊಂಡ್ರೆ ಒಳ್ಳೇದಂತೆ, ಒಂದೇ ಮನೆ, ಒಂದೇ ಗಾಳಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅನ್ನಿ, ಅಂದೆ ನಾನು, ತಮಾಷೆಗೆ, ಇವರು ನಗಲಿಲ್ಲ, ನಾನು ಅಷ್ಟು ಚೆನ್ನಾಗಿ ತಮಾಷೆ ಮಾಡಿದಾಗ ಇವರು ನಗದೇ ಇದ್ದದ್ದು ಅದೊಂದೇ ಸಲ, ನುಂಗುವ ತನಕ ನಿಂತೇ ಇದ್ದರು, ಬಾಯಿ ತೆರಿ ನೋಡೋಣ, ಮಗುವಿಗೆ ಹೇಳುವ ಹಾಗೆ, ತೆರೆದೆ, ಆಗ ನಕ್ಕರು, ಬೆವರಿದ ಅಂಗೈಯಲ್ಲಿ ಮಾತ್ರೆಯ ಅಂಚು ಕರಗಿ ಬಿಳಿ ಗುರುತು ಉಳಿದಿತ್ತು, ಅದನ್ನು ಪ್ಯಾಂಟಿಗೆ ಒರೆಸಿಕೊಂಡರು. ಒಂದು ವಾರ ದಿನವೂ ಹಾಗೆಯೇ, ಅಂಗೈ, ಲೋಟ, ಬಾಯಿ ತೆರಿ. ನನಗೆ ಖುಷಿಯಾಗಿತ್ತು, ಅದನ್ನೂ ಹೇಳಿಕೊಳ್ಳಬೇಕು, ಹೊಸ ಗಂಡ ಇಷ್ಟು ಮುತುವರ್ಜಿ ಮಾಡುತ್ತಾನಲ್ಲ ಅಂತ ತವರಿಗೆ ಫೋನ್ ಮಾಡಿ ಅಕ್ಕನ ಹತ್ತಿರ ಕೊಚ್ಚಿಕೊಂಡಿದ್ದೆ.

ಈಗ ಹತ್ತಿಕಡ್ಡಿ. ಕಾಗದದಲ್ಲಿ ಚಿತ್ರ ಇದೆ, ಒಬ್ಬ ಹೆಂಗಸು ಒಂದು ಕಾಲನ್ನು ಎತ್ತರದಲ್ಲಿಟ್ಟು ನಿಂತಿದ್ದಾಳೆ, ಆಕೆಗೆ ಮುಖವೇ ಬರೆದಿಲ್ಲ, ಒಳ್ಳೆಯದಾಯಿತು, ಮುಖ ಇದ್ದರೆ ಪಾಪ ಎಲ್ಲಿ ಇಟ್ಟುಕೊಳ್ಳಬೇಕು, ನಾನೂ ಹಾಗೆ ನಿಲ್ಲುತ್ತೇನೆ, ಕಾಲು ಮಣೆಯ ಮೇಲೆ, ಕೈ ಗೋಡೆಗೆ, ಟೈಲ್ಸು ತಣ್ಣಗಿದೆ, ಬಲವಂತ ಮಾಡಬೇಡಿ, ನಿಧಾನವಾಗಿ ತಿರುಗಿಸಿ, ಅಂತ ಕಾಗದ ಹೇಳುತ್ತದೆ, ನಮ್ಮ ಮೇಸ್ತ್ರಿ ಮೊದಲ ದಿನ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ, ಬಲವಂತ ಬೇಡ, ಮೆಲ್ಲಗೆ ಬಡಿ, ತಟ್ಟೆ ತಾನಾಗೇ ಹೇಳುತ್ತೆ. ಎಡಗೈಯ ಮೂರು ಬೆರಳ ಮೇಲೆ ತಟ್ಟೆ ಕೂರಿಸಿ, ಬಲಗೈಯ ಮರದ ಕಡ್ಡಿಯಿಂದ ಅಂಚಿಗೆ ಒಂದೇ ಪೆಟ್ಟು, ಸರಿಯಿದ್ದರೆ ಹಾಡುತ್ತದೆ, ಒಡಕಿದ್ದರೆ ಕೆಮ್ಮುತ್ತದೆ, ಅಷ್ಟೇ ವಿದ್ಯೆ. ಒಂದೊಂದು ತಟ್ಟೆ ಮಾತ್ರ ಕಣ್ಣಿಗೆ ಹಾಲಿನ ಹಾಗೆ ಇರುತ್ತದೆ, ದೀಪಕ್ಕೆ ಹಿಡಿದರೂ ಗೆರೆ ಇಲ್ಲ, ಬಡಿದರೆ ದೊಬ್, ಹೊಸದರಲ್ಲಿ ನಾನು ಅಂಥದನ್ನು ಹಿಡಿದು ಮೇಸ್ತ್ರಿಯ ಹತ್ತಿರ ಹೋಗಿದ್ದೆ, ಏನೂ ಕಾಣಲ್ವಲ್ಲ ಸಾರ್, ಆತ ತಲೆಯೆತ್ತಿಯೂ ನೋಡಲಿಲ್ಲ, ಕಣ್ಣಿಗೂ ಕಿವಿಗೂ ಜಗಳ ಬಂದ್ರೆ ಕಿವಿ ಮಾತು ಕೇಳಮ್ಮ, ಕಣ್ಣು ಮೇಲೆ ಮೇಲೆ ನೋಡುತ್ತೆ, ಸದ್ದು ಒಳಗಿಂದ ಬರುತ್ತೆ, ಹಾಕು ತೊಟ್ಟಿಗೆ. ತೊಟ್ಟಿಗೆ ಹಾಕಿದ ತಟ್ಟೆ ಒಡೆದಾಗ ಒಳಗೆ ಬಿರುಕು ಇದ್ದದ್ದು ಕಾಣುತ್ತದೆ, ಆದರೆ ಅಷ್ಟು ಹೊತ್ತಿಗೆ ಅದು ತಟ್ಟೆಯಲ್ಲ. ಕಡ್ಡಿ ಸೀಸೆಯೊಳಗೆ, ತಿರುಗಿಸು, ಹಿಂಡು, ಮುಚ್ಚಳ, ಎರಡನೆಯ ಪಟ್ಟಿಗೆ ಹನಿ, ಕಾಲು ಗಂಟೆ ಕಾಯಬೇಕು. ಎರಡು ಗೆರೆ ಬಂದರೆ ಇದೆ, ಒಂದು ಬಂದರೆ ಇಲ್ಲ. ಪಟ್ಟಿಯ ಕಿಟಕಿಯಲ್ಲಿ ನೀರು ತೆವಳುತ್ತಾ ಏರುವುದನ್ನು ನೋಡುತ್ತಾ ಕೂತಿದ್ದೇನೆ, ಕೂರಲು ಜಾಗವಿಲ್ಲದೆ ಮಣೆಯ ಮೇಲೆ.

ಏನಮ್ಮಾ, ಒಳಗೇ ಬಿಡಾರ ಹೂಡಿದ್ಯಾ? ಅತ್ತೆ. ಹೊಟ್ಟೆ ಸರಿಯಿಲ್ಲ ಅತ್ತೇ, ಅಂದೆ, ಸುಳ್ಳು ಹೇಳುವಾಗ ಹೊಟ್ಟೆಯಷ್ಟು ಒತ್ತಾಸೆಗೆ ನಿಲ್ಲುವ ಅಂಗ ಇನ್ನೊಂದಿಲ್ಲ. ಉಷ್ಣ ಅದು, ನಿಂದು ಮೊದಲೇ ಉಷ್ಣದ ಮೈ, ರಾತ್ರಿ ಮೊಟ್ಟೆ ಬೇಡ ಅಂದೆ, ಕೇಳಿದ್ಯಾ? ಕೇಳಲಿಲ್ಲ ಅತ್ತೆ. ಕಾಳು ಮತ್ತೆ ಬೀಳತೊಡಗಿತು. ಇದು ಯಾವಾಗಿಂದ ಅಂತ ನೆನಪಿಸಿಕೊಳ್ಳಲು ನೋಡುತ್ತೇನೆ, ಇವರ ಉಷ್ಣ ನನ್ನ ಉಷ್ಣ ಆದದ್ದು ಯಾವಾಗ, ಮದುವೆಯಾಗಿ ಮೂರನೆಯ ವರ್ಷಕ್ಕೋ ಏನೋ, ಮಗು ನಿಲ್ಲಲಿಲ್ಲ ಅನ್ನುವ ಮಾತು ಮೊದಲು ಅಡುಗೆಮನೆಯಲ್ಲಿ ಹುಟ್ಟಿ ಆಮೇಲೆ ನಡುಮನೆಗೆ ಬಂತು, ಬರುವಾಗ ಕಾರಣವನ್ನೂ ಕಂಕುಳಲ್ಲಿ ಎತ್ತಿಕೊಂಡು ಬಂತು, ಅವಳದು ಉಷ್ಣದ ಮೈ, ಬೀಜ ಸುಟ್ಟುಹೋಗತ್ತೆ, ಅತ್ತೆ ಕೆಟ್ಟವರಲ್ಲ, ಬಯ್ಯಲು ಹೇಳಿದ್ದಲ್ಲ, ಮಳೆಯಾಗಲಿಲ್ಲ ಅನ್ನುವ ಹಾಗೆ ಹೇಳಿದರು, ನಾದಿನಿಗೆ ಹೇಳಿದರು, ಪಕ್ಕದ ಮನೆಯವರಿಗೆ ಹೇಳಿದರು, ನನ್ನ ತಾಯಿಗೇ ಹೇಳಿದರು, ಅಮ್ಮ ಫೋನಿನಲ್ಲಿ ಅಳುತ್ತಾ ಚಿಕ್ಕವಳಿದ್ದಾಗ ನಿಂಗೆ ತಲೆಗೆ ಎಣ್ಣೆ ಸರಿಯಾಗಿ ಹಚ್ಚಬೇಕಿತ್ತು ಅಂದಳು, ತಪ್ಪು ತನ್ನದು ಅನ್ನುವ ಹಾಗೆ, ಹಾಗೆ ನನ್ನ ತಾಯಿಯ ತನಕ ಹೋಯಿತು ಇವರ ಉಷ್ಣ. ಆ ಮಾತು ನಡೆದಾಗೆಲ್ಲ ಇವರು ಅಲ್ಲೇ ಇದ್ದರು. ಪೇಪರು ಓದುತ್ತಾ, ಶೂ ಒರೆಸುತ್ತಾ, ಒಂದು ಸಲ ಸೌತೆಕಾಯಿ ತಿನ್ನುತ್ತಾ. ಒಮ್ಮೆಯಾದರೂ ಬಿಡಮ್ಮಾ ಅನ್ನಬಹುದಿತ್ತು. ಇವರು ಬೇರೆ ಯಾರ ಹತ್ತಿರವೋ ಹೋಗಿದ್ದರು ಅನ್ನುವುದಕ್ಕಿಂತ ಹೆಚ್ಚು ನೋಯುವುದು ಆ ಸೌತೆಕಾಯಿ, ಕರುಮ್ ಕರುಮ್ ಅಂತ ತಿನ್ನುತ್ತಲೇ ಇದ್ದರು.

ಮೊದಲ ಪಟ್ಟಿ ಆಗಲೇ ಹೇಳಿಬಿಟ್ಟಿದೆ, ಒಂದೇ ಗೆರೆ, ದೊಡ್ಡ ಹೆಸರಿನವರು ಯಾರೂ ಇಲ್ಲ. ಎರಡನೆಯದು ಇನ್ನೂ ಒದ್ದೆಯಾಗಿ ಗುಲಾಬಿ ಮಂಜು ಮಂಜಾಗಿದೆ. ಹೋದ ವಾರ ಸ್ಕ್ಯಾನಿನ ಕೋಣೆಯಲ್ಲೂ ಹೀಗೇ ಒಂದು ಮಂಜು ಪರದೆ ಇತ್ತು, ಬೂದು ಬಣ್ಣದ್ದು, ಡಾಕ್ಟರಮ್ಮ ಅದರ ಮೇಲೆ ಪೆನ್ನಿನ ತುದಿ ಇಟ್ಟು, ನೋಡಿ, ಗರ್ಭಕೋಶದ ಎರಡು ಕಡೆ ಕೊಳವೆನೂ ಅಂಟಿಕೊಂಡಿದೆ, ಹಳೇ ಸೋಂಕು ಯಾವುದೋ ಬಂದು ಹೋದ ಹಾಗಿದೆ, ಹಿಂದೆ ಯಾವಾಗಾದ್ರೂ ನಿಮ್ಮಿಬ್ಬರಿಗೆ — ಇಲ್ಲ ಡಾಕ್ಟ್ರೇ, ಅಂದರು ಇವರು. ಪ್ರಶ್ನೆ ಇನ್ನೂ ಅರ್ಧದಲ್ಲಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಆಕೆ ಇನ್ನೂ ಕುಂ ಅಂದಿದ್ದಳು ಅಷ್ಟೆ. ಆ ಇಲ್ಲ ಅನ್ನುವುದರ ಸದ್ದು, ದೊಬ್. ನನ್ನ ಬಲಗೈ ತಾನಾಗಿಯೇ ಅಲುಗಿತು, ತಟ್ಟೆಯನ್ನು ತೊಟ್ಟಿಯ ಕಡೆ ತಿರುಗಿಸುವ ಅಲುಗಾಟ. ಡಾಕ್ಟರಮ್ಮ ಇವರ ಮುಖ ನೋಡಿದಳು, ನನ್ನ ಮುಖ ನೋಡಿದಳು, ಇಬ್ರೂ ಒಮ್ಮೆ ಪರೀಕ್ಷೆ ಮಾಡಿಸಿಕೊಂಡು ಬನ್ನಿ, ಆಮೇಲೆ ಮುಂದಿನ ಮಾತು, ಅಂದಳು. ಹೊರಗೆ ಬಂದು ಸ್ಕೂಟರ್ ಸ್ಟಾರ್ಟ್ ಮಾಡುತ್ತಾ ಇವರು, ಈ ಡಾಕ್ಟ್ರು ಸರಿಯಿಲ್ಲ, ದುಡ್ಡು ಕೀಳೋ ಪರೀಕ್ಷೆ, ಬೇರೆ ಕಡೆ ತೋರಿಸೋಣ, ನಿಂದು ಉಷ್ಣದ ಮೈ ಅಷ್ಟೆ, ಸರಿಹೋಗತ್ತೆ — ಅಷ್ಟೆ ಅಂದರು, ಉಷ್ಣದ ಮೈ ಅಂತ ಅತ್ತೆ ಹೇಳಿದ್ದು ಸಾವಿರ ಸಲ, ಇವರ ಬಾಯಲ್ಲಿ ಅದೇ ಮೊದಲು, ಆಗ, ಸ್ಕೂಟರಿನ ಹಿಂದೆ ಕೂತಿದ್ದ ನನ್ನ ಕಣ್ಣ ಮುಂದೆ ಅಂಗೈ ಬಂತು, ಬತ್ತಲೆ ಮಾತ್ರೆ, ಕರಗಿದ ಅಂಚು, ಬಾಯಿ ತೆರಿ, ದಾರಿ ಪೂರ್ತಿ ಇವರ ಬೆನ್ನು ನೋಡುವ ಬದಲು ಅದನ್ನೇ ನೋಡಿದೆ. ಸಿಟ್ಟು ಬಂತು, ಎಷ್ಟು ಅಂದರೆ ಸಿಗ್ನಲ್ಲಿನಲ್ಲಿ ಇಳಿದು ನಡೆದುಬಿಡೋಣ ಅನ್ನಿಸಿತು, ಆದರೆ ಬರೀ ಸದ್ದಿನ ಮೇಲೆ ಮನುಷ್ಯನನ್ನು ತೊಟ್ಟಿಗೆ ಹಾಕಲಾಗುತ್ತದೆಯೇ, ಮನುಷ್ಯ ತಟ್ಟೆಯಲ್ಲ, ಕಣ್ಣಿಗೆ ಕಾಣುವ ಒಂದು ಗೆರೆ ಬೇಕು. ಅದಕ್ಕೇ ಇದು. ಉಷ್ಣ ಯಾರದು ಅಂತ ನನಗೆ ತಿಳಿಯಬೇಕು, ಇವರ ಮುಂದೆ ಹಿಡಿದು, ನೋಡ್ರೀ, ಇದಕ್ಕೆ ಏನಂತೀರಿ, ಅನ್ನಬೇಕು, ಅದೊಂದೇ. ಬಗ್ಗಿ ನೋಡುತ್ತೇನೆ. ಮಂಜು ಇಳಿಯುತ್ತಿದೆ.

ಒಂದು ಗೆರೆ. ಕಿಟಕಿಯ ಕಡೆ ತಿರುಗಿಸಿದೆ, ದೀಪಕ್ಕೆ ಹಿಡಿದೆ, ಓರೆ ಮಾಡಿದೆ, ನನ್ನ ಕಣ್ಣಿಗೆ ಮೋಸ ಮಾಡುವ ಗೆರೆ ಇನ್ನೂ ಹುಟ್ಟಿಲ್ಲ, ಅಲ್ಲಿ ಏನಾದರೂ ಇದ್ದರೆ ಕಾಣಲೇಬೇಕು, ಇಲ್ಲ, ಒಂದೇ ಗೆರೆ, ಪಕ್ಕದ ಜಾಗ ಹೊಸ ತಟ್ಟೆಯ ಹಾಗೆ ಬೆಳ್ಳಗಿದೆ. ಸಂತೋಷ ಪಡಬೇಕು. ಯಾರಾದರೂ ಪಡುತ್ತಾರೆ. ನನಗೆ ಬೇಜಾರಾಯಿತು, ನೆಟ್ಟಗೆ ಹೇಳಬೇಕೆಂದರೆ ನಾನು ಆ ರೋಗ ಇರಲಿ ಅಂತ ಕಾದಿದ್ದೆ, ಹೋಗಲಿ ಬಿಡು, ಇದ್ದರೆ ಮಾತ್ರೆ ನುಂಗುತ್ತಿದ್ದೆ, ಹೆಸರು ಬರೆದ ಮಾತ್ರೆ. ಕಾಗದವನ್ನು ಮತ್ತೆ ಬಿಡಿಸಿದೆ, ಮುಖವಿಲ್ಲದ ಹೆಂಗಸಿನ ಕೆಳಗೆ, ಮಡಿಕೆಯಲ್ಲಿ ಸಿಕ್ಕಿಕೊಂಡ ಸಣ್ಣ ಅಕ್ಷರ, ಹಿಂದೆ ಬಂದು ಔಷಧಿಯಿಂದ ವಾಸಿಯಾದ ಸೋಂಕನ್ನು ಈ ಪರೀಕ್ಷೆ ತೋರಿಸುವುದಿಲ್ಲ. ಮತ್ತೊಮ್ಮೆ ಓದಿದೆ. ಔಷಧಿಯಿಂದ ವಾಸಿಯಾದ. ಅಂದರೆ ಇವರು ಸುಳ್ಳು ಹೇಳಿದ್ದರೂ ಒಂದೇ ಗೆರೆ, ಹೇಳದಿದ್ದರೂ ಒಂದೇ ಗೆರೆ, ಆ ಒಂದು ವಾರದ ಮಾತ್ರೆ ನನ್ನ ರೋಗವನ್ನೂ ತೊಳೆಯಿತು, ಇವರ ಗುರುತನ್ನೂ ತೊಳೆಯಿತು, ಕೊಳವೆಗಳನ್ನು ಮಾತ್ರ ಹಾಗೇ ಬಿಟ್ಟಿತು. ಎಷ್ಟು ಜತನದಿಂದ ನುಂಗಿಸಿದರು, ಒಂದು ದಿನವೂ ತಪ್ಪಲಿಲ್ಲ, ನಾನು ಸಾಯಲಿ ಅಂದುಕೊಂಡವರಲ್ಲ, ವಾಸಿಯಾಗಲಿ ಅಂದುಕೊಂಡವರು, ತಡವಾಗಿ ಅಂದುಕೊಂಡರು, ಬಾಯಿ ಬಿಡದೆ ಅಂದುಕೊಂಡರು, ಅಷ್ಟು ದಿನ ಬಾರ್ಲಿ ನೀರು ಕುಡಿಯುತ್ತಾ ಕಾದು ಆಮೇಲೆ ಅಂದುಕೊಂಡರು, ಒಂದು ಮಾತು ಆಡಿದ್ದರೆ ಅದೇ ದಿನ ಡಾಕ್ಟರ ಹತ್ತಿರ ಹೋಗುತ್ತಿದ್ದೆ, ಬಯ್ಯುತ್ತಿದ್ದೆ, ಒಂದು ತಿಂಗಳು ಮಾತು ಬಿಡುತ್ತಿದ್ದೆ, ಆಮೇಲೆ ಬಹುಶಃ ಬದುಕುತ್ತಿದ್ದೆ, ಮಗು — ಬೇಡ, ಆ ಕಡೆ ಹೋಗುವುದು ಬೇಡ. ಬೇಸಿನ್ ದೊಬ್ ಅಂದಿತು. ಕಣ್ಣಿಗೂ ಕಿವಿಗೂ ಜಗಳ ಬಂದರೆ, ಅಂತ ಮೇಸ್ತ್ರಿ ಹೇಳಿದ್ದು ನೆನಪಿದೆ, ಆತನಿಗೇನು, ಆತನ ತೊಟ್ಟಿ ದೊಡ್ಡದು.

ಗೇಟು. ಸ್ಕೂಟರ್ ಸ್ಟ್ಯಾಂಡು ಹಾಕಿದ ಸದ್ದು, ಬಂದೇಬಿಟ್ಟರು, ಕಟಿಂಗ್ ಅಂಗಡಿ ಖಾಲಿಯಿತ್ತೋ ಏನೋ, ಪಟ್ಟಿ, ಕಡ್ಡಿ, ಸೂಜಿ, ಸೀಸೆ, ಎಲ್ಲ ಹುಲ್ಲು ಕಾಗದದೊಳಗೆ, ಕಾಗದ ಟವೆಲ್ಲಿನೊಳಗೆ, ಟವೆಲ್ ಕಂಕುಳಿಗೆ, ಕಳ್ಳತನ ಮಾಡದವಳಿಗೂ ಕಳ್ಳರ ಕೈ ಹೇಗೆ ಬರುತ್ತದೆ ನೋಡು. ಹೊರಗೆ ಅತ್ತೆ, ಅವಳಿಗೆ ಹೊಟ್ಟೆ ಕೆಟ್ಟಿದೆ ಕಣೋ, ಆಗಿಂದ ಒಳಗೇ ಇದಾಳೆ, ಉಷ್ಣ, ಮಾತ್ರೆ ಏನಾದ್ರೂ ಇದ್ರೆ ಕೊಡು ಹೋಗು. ಅಡುಗೆಮನೆಯ ಕಪಾಟು ತೆಗೆದದ್ದು, ಡಬ್ಬಿ ಎಳೆದದ್ದು, ಹೂಜಿಯಿಂದ ನೀರು ಬಗ್ಗಿಸಿದ್ದು, ಒಂದೊಂದೂ ಕೇಳುತ್ತಿದೆ, ಈಗ ಕಿವಿಗೆ ರಜೆಯಿಲ್ಲ, ಚಪ್ಪಲಿ ಈ ಕಡೆ ಬರುತ್ತಿದೆ, ಬಾಗಿಲಿನ ಹತ್ತಿರ ನಿಂತಿತು. ಏ, ಬಾಗಿಲು ಸ್ವಲ್ಪ ತೆಗಿ. ಏನ್ರೀ? ತೆಗಿ, ಮಾತ್ರೆ ತಂದಿದೀನಿ, ನುಂಗು, ಸರಿಹೋಗತ್ತೆ. ಚಿಲಕ ಸರಿಸಿದೆ, ಕೈ ಹೋಗುವಷ್ಟು, ಕೈ ಬಂತು, ಮಣಿಕಟ್ಟಿಗೆ ಕತ್ತರಿಸಿದ ಕೂದಲಿನ ತುಣುಕು ಅಂಟಿದೆ, ಕಟಿಂಗ್ ಅಂಗಡಿಯ ಪೌಡರಿನ ವಾಸನೆ, ಅಂಗೈ ಮೇಲ್ಮುಖವಾಗಿ ಬಿಚ್ಚಿಕೊಂಡಿತು, ನಡುವೆ ಒಂದು ಬಿಳಿ ಮಾತ್ರೆ, ಬತ್ತಲೆ. ಹೊಟ್ಟೆನೋವಿನದೇ ಇರಬೇಕು. ಡಬ್ಬಿಯಲ್ಲಿ ಇರುವುದು ಅದೇ, ನಾನೇ ತಂದಿಟ್ಟದ್ದು, ನನಗೆ ಗೊತ್ತು, ಆದರೂ ಗೊತ್ತಿಲ್ಲ, ಇನ್ನು ಮೇಲೆ ಈ ಕೈಯಿಂದ ಬಂದದ್ದು ಯಾವುದೂ ನನಗೆ ಗೊತ್ತಿರುವುದಿಲ್ಲ. ಇದರ ಹಾಳೆ ಎಲ್ಲಿ, ಅಂದೆ. ಏನು? ಮಾತ್ರೆಯ ಹಾಳೆ, ಹೆಸರಿರೋದು. ಬಿಸಾಕಿದೆ ಕಣೇ, ಕೊನೇದಿತ್ತು, ಯಾಕೆ? ಯಾವ ಮಾತ್ರೆ ಅಂತ ಹೇಳ್ರೀ, ಹೆಸರು ಹೇಳಿ. ಬಟಾಣಿ ಬೀಳುವುದು ನಿಂತಿದೆ. ಬಾಗಿಲಿನ ಆ ಕಡೆ ಲೋಟ ಮರಕ್ಕೆ ತಾಗಿತು, ನಾನು ಕೇಳಿದ್ದು ಆ ಹಳೆಯ ಮಾತ್ರೆಯ ಹೆಸರು, ಈಗ ಇವರಿಗೂ ತಿಳಿಯಿತು ಅಂತ ನನಗೆ ತಿಳಿಯಿತು, ಕೈ ಹಿಂದೆ ಹೋಗಲಿ ಅಂತ ಕಾದೆ, ಹೋಗಲಿಲ್ಲ, ತೆಗೆದುಕೊಳ್ಳಲು ನನ್ನ ಕೈಯೂ ಏಳಲಿಲ್ಲ, ನೀರು ತುಳುಕಿ ಒದ್ದೆಯಾದ ಅಂಗೈ, ನಡುವೆ ಮಾತ್ರೆ, ಅದರ ಅಂಚು ಮೆತ್ತಗಾಗುತ್ತಿದೆ, ಬಿಳಿ ಕರಗಿ ಅಂಗೈಯ ಗೆರೆಯೊಳಗೆ ಇಳಿಯುತ್ತಿದೆ, ಅಂಗೈ, ಮಾತ್ರೆ, ಅಂಗೈ